ಎಡಭುಜಕ್ಕೆ ಬಿದ್ದ ಗುಂಡು

ಆಕೆಯ ಕಾದಂಬರಿಗಳಲ್ಲಿ ಸೈನಿಕರಿಗೆ ಗುಂಡು ತಗಲುತ್ತಿದ್ದುದು ಎಡಭುಜಕ್ಕೆ ಮಾತ್ರ. ಹೊಟ್ಟೆಗೆ ತಗುಲಿದ್ದಿಲ್ಲ, ತೊಡೆಗೆ ತಗುಲಿದ್ದಿಲ್ಲ, ದವಡೆ ಹಾರಿಹೋದದ್ದಂತೂ ಇಲ್ಲವೇ ಇಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. “ಹುಡುಗಿ ಪಟ್ಟಿ ಕಟ್ಟಬೇಕಲ್ರಿ ಟೀಚರ? ಎಡಭುಜ ಅಂದ್ರ ಹೃದಯದ ಬಾಜೂಕ ಬರ್ತೈತಿ. ಅಂಗೀನೂ ಅರ್ಧ ಬಿಚ್ಚಿದ್ರ ಸಾಕು,” ಎಂದು ನಕ್ಕಳು. ಬಾಯಲ್ಲಿ ಮಿರ್ಚಿ ಇತ್ತು.

ಆಕೆ ತೀರಿಕೊಂಡು ಒಂದು ತಿಂಗಳಾಗಿದೆ. ಸಕ್ಕರೆ ಕಾಯಿಲೆ ಇತ್ತು, ಕೊನೆಗೆ ಕಿಡ್ನಿ ಕೈಕೊಟ್ಟಿತು. ಹೊಸಪೇಟೆಯ ಓದುಗಿಯರು ಸೇರಿ ನೆನಪಿನ ಪುಸ್ತಕ ತರುತ್ತಾರಂತೆ. ದೋಣಿಮಲೈ ಗಣಿಯ ಕಾಲೊನಿಯಲ್ಲಿ ನಾನು ಆಕೆಯ ಪಕ್ಕದ ಕ್ವಾರ್ಟರ್ಸಿನವಳು, ಮೇಲಾಗಿ ಕನ್ನಡ ಟೀಚರು, ಆಕೆಯ ಬರಹದ ಒತ್ತು ದೀರ್ಘ ತಿದ್ದಿಕೊಟ್ಟವಳು. ಹಾಗಾಗಿ ‘ಅವರ ಸಾಹಿತ್ಯದಲ್ಲಿ ದೇಶಪ್ರೇಮ’ ಎಂಬ ವಿಷಯವನ್ನು ನನ್ನ ತಲೆಗೆ ಕಟ್ಟಿದರು. ಆಗಲಿ ಎಂದೆ. ಬರೆಯಲು ಕೂತರೆ ಬಂದದ್ದು ಇದು. ಅವರು ಇದನ್ನು ಅಚ್ಚು ಹಾಕುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಬದುಕಿದ್ದಷ್ಟು ದಿನ ಎದುರಿಗೆ “ಬರ್ರಿ ಮೇಡಂ, ಕುಂದ್ರಿ ಮೇಡಂ” ಎಂದೇ ಮಾತಾಡಿದೆ. ಈಗ ಬರೆಯುವಾಗ ಬಹುವಚನ ಕೈಗೆ ಬರುತ್ತಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಇಲ್ಲಿಗೇ ನಿಲ್ಲಿಸಿಬಿಡಬಹುದು.

ಆಕೆಯ ಮನೆತನದಲ್ಲಿ ಯಾರೂ ಸೈನ್ಯಕ್ಕೆ ಹೋದವರಲ್ಲ. ಉತ್ತರಕ್ಕೆ ಆಕೆ ಹೋದದ್ದೆಂದರೆ ಕಾಶಿಯಾತ್ರೆಗೆ. ಹಿಮ ಕಂಡದ್ದು ಫ್ರಿಜ್ಜಿನಲ್ಲಿ. ಆದರೆ ಬರೆದ ಪ್ರತಿಯೊಂದು ಕಾದಂಬರಿಯಲ್ಲೂ ಒಬ್ಬ ಮಿಲಿಟರಿಯವನು, ಒಬ್ಬ ಹುಡುಗಿ, ಒಂದು ಹಿಮಪಾತ. ಫೋನಿನಲ್ಲಿ ಓದುವ ಆ್ಯಪ್ ಒಂದರಲ್ಲಿ ಕಂತು ಕಂತಾಗಿ ಹಾಕುತ್ತಿದ್ದಳು. ಸಂಡೂರಿನಿಂದ ಕಂಪ್ಲಿಯವರೆಗೆ ಹೆಂಗಸರು ಅಡುಗೆ ಮುಗಿಸಿ, ಫೋನ್ ಹಿಡಿದು, ಮೂಗು ಒರೆಸಿಕೊಳ್ಳುತ್ತಾ ಓದುತ್ತಿದ್ದರು. ಶೋಕೇಸಿನಲ್ಲಿ ದೇವರ ಪಕ್ಕ ಒಂದು ಪ್ಲಾಸ್ಟಿಕ್ ಟ್ಯಾಂಕು ಇಟ್ಟಿದ್ದಳು. ಶುಕ್ರವಾರ ಅದಕ್ಕೂ ಕುಂಕುಮ.

ಆಕೆ ಕೈಯಿಂದ ಬರೆಯುತ್ತಿರಲಿಲ್ಲ, ಫೋನಿಗೆ ಬಾಯಲ್ಲಿ ಹೇಳುತ್ತಿದ್ದಳು. ಅದು ತಾನೇ ಟೈಪ್ ಮಾಡಿಕೊಳ್ಳುತ್ತಿತ್ತು. ಸಾಯಂಕಾಲ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಮಂಡಕ್ಕಿ ತಟ್ಟೆ ಇಟ್ಟುಕೊಂಡು, ಎಣ್ಣೆಗೈಯಲ್ಲಿ ಫೋನ್ ಹಿಡಿದು ದೊಡ್ಡ ದನಿಯಲ್ಲಿ ಶುರುಮಾಡಿದರೆ ಇಡೀ ಸಾಲಿಗೆ ಕೇಳಿಸುತ್ತಿತ್ತು. “ಮೇಜರ್ ಆಕೆಯ ಸೊಂಟವನ್ನು ಬಳಸಿದ. ಆಕೆಯ ಉಸಿರು ಬಿಸಿಯಾಯಿತು. ಲೇ, ಹಾಲು ಉಕ್ಕತೈತಿ, ಗ್ಯಾಸ್ ಬಂದ್ ಮಾಡ್ಲೇ!” ಫೋನು ಪಾಪ, ಅದನ್ನೂ ಬರೆದುಕೊಳ್ಳುತ್ತಿತ್ತು. ಇಂಥದ್ದನ್ನು ಹೆಕ್ಕಿ ತೆಗೆಯುವುದು ನನ್ನ ಕೆಲಸ. ಒಂದು ಸಲ ‘ಹಣೆಗೆ ಮುತ್ತಿಟ್ಟ’ ಎಂದದ್ದು ‘ಹಣಕ್ಕೆ ಮುತ್ತಿಟ್ಟ’ ಎಂದಾಗಿತ್ತು. ನಾನು ನೋಡುವಷ್ಟರಲ್ಲಿ ಕಂತು ಹೋಗಿಬಿಟ್ಟಿತ್ತು. ಓದಿದವರಲ್ಲಿ ಒಬ್ಬರೂ ತಕರಾರು ಮಾಡಲಿಲ್ಲ, ಎಲ್ಲರೂ ಅತ್ತಿದ್ದರು.

ಹಾಗೆಂದು ಕೆಟ್ಟ ಹೆಂಗಸಲ್ಲ. ಅದೇ ನನ್ನ ಕಷ್ಟ. ನಾನು ಟೈಫಾಯ್ಡ್ ಬಂದು ಮಲಗಿದ್ದಾಗ ಹೊತ್ತಿಗೆ ಸರಿಯಾಗಿ ಗಂಜಿ ತಂದು ಕುಡಿಸಿದವಳು ಆಕೆ. ಸಾಲಿನಲ್ಲಿ ಯಾರ ಮನೆಯ ಬಾಣಂತನವಾದರೂ ಆಕೆಯ ಕೈ ಮುಂದು. ಆದರೆ ಗಂಜಿ ಕುಡಿಸುವಾಗಲೂ ನನ್ನ ಮುಖವನ್ನೇ ನೋಡುತ್ತಾ, “ಜ್ವರ ಬಂದಾಗ ನಿಮ್ಮ ತುಟಿ ಹಿಂಗ ಒಣಗತಾವಲ್ಲ, ಇದನ್ನ ಮುಂದಿನ ಕಂತಿಗೆ ಇಟ್ಕೋತೀನಿ,” ಎಂದಿದ್ದಳು. ಮನುಷ್ಯರು ಆಕೆಗೆ ಸಂತೆಯಲ್ಲಿ ಹರಡಿದ ಕಾಯಿಪಲ್ಲೆ ಇದ್ದ ಹಾಗೆ. ಮುಟ್ಟಿ, ಒತ್ತಿ, ಬೇಕಾದ್ದನ್ನು ಚೀಲಕ್ಕೆ ಹಾಕಿಕೊಂಡು ಹೋಗುವುದಷ್ಟೇ.

ನನ್ನ ತಮ್ಮ ಮಂಜುನಾಥ ನಿಜವಾದ ಮಿಲಿಟರಿಯವನು. ನಮ್ಮ ತವರು ಗಾದಿಗನೂರು. ಸೈನ್ಯದಲ್ಲಿ ಅವನು ಸಾಮಾನು ಸಾಗಿಸುವ ಟ್ರಕ್ಕಿನ ಡ್ರೈವರ್, ಹುದ್ದೆಯಲ್ಲಿ ನಾಯಕ್. ರಜೆಯಲ್ಲಿ ದೋಣಿಮಲೈಗೆ ಬಂದಾಗ ಆಕೆ ಅವನನ್ನು ನೋಡಿ, ಎಳೆದು ಕೂರಿಸಿಕೊಂಡು ಹೋಳಿಗೆ ತಿನ್ನಿಸಿ, ಹೋಗುವಷ್ಟರಲ್ಲಿ ಅವನಿಗೊಂದು ಹೆಣ್ಣು ಗೊತ್ತುಮಾಡಿಬಿಟ್ಟಳು. ಹೆಣ್ಣು ಕಂಪ್ಲಿಯವಳು, ಸೌಮ್ಯ ಅಂತ. ಅಕ್ಕಿ ಗಿರಣಿ ಇಟ್ಟುಕೊಂಡ ಮನೆ, ಆಕೆಗೆ ದೂರದ ಬಳಗ, ಮನೆಮಂದಿಯೆಲ್ಲ ಆಕೆಯ ಕಂತು ಓದುವವರು. ಎರಡೂ ಮನೆಯ ನಡುವೆ ಓಡಾಡಿ ಮಾತು ಜೋಡಿಸಿದವಳು ಆಕೆಯೇ. ಎಲೆ ಅಡಿಕೆ ಬದಲಾಯಿತು, ಹುಡುಗಿಗೆ ಉಡಿ ತುಂಬಿದೆವು. ಮಂಜ ತಿರುಗಿ ಡ್ಯೂಟಿಗೆ ಹೋದ.

ಆ ಚಳಿಗಾಲ ಅವನ ಟ್ರಕ್ಕು ಎತ್ತರದ ಒಂದು ಕಣಿವೆ ದಾರಿಯಲ್ಲಿ ಕೆಟ್ಟು ನಿಂತಿತು. ಬಲಗಾಲಿನ ಬೆರಳುಗಳನ್ನು ಹಿಮ ತಿಂದುಹಾಕಿತು. ಆಸ್ಪತ್ರೆಯಲ್ಲಿ ಕತ್ತರಿಸಿದರು, ಆಮೇಲೆ ನೌಕರಿಯಿಂದ ಬಿಡಿಸಿ ಮನೆಗೆ ಕಳಿಸಿದರು. ಕಂಪ್ಲಿಯವರು ಬಂದು ನೋಡಿದರು. ಸೌಮ್ಯಳ ಅಪ್ಪ ನಮ್ಮವ್ವನ ಎದುರು ಕೂತು, “ಬೆರಳು ಹೋದ್ರ ಹೋಗ್ಲಿ ಬಿಡ್ರವ್ವ, ಹುಡುಗ ಬಂದನಲ್ಲ. ಸುಗ್ಗಿ ಮುಗೀಲಿ, ಲಗ್ನ ಮಾಡೂಣು,” ಎಂದರು. ನಮ್ಮವ್ವ ಅವರು ಹೋದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಸಮಾಧಾನದ ಅಳು. ಮಂಜ ಕುರೆಕುಪ್ಪದ ಒಂದು ವೇಬ್ರಿಜ್‌ನಲ್ಲಿ ಲಾರಿ ತೂಕ ನೋಡುವ ಕೆಲಸಕ್ಕೆ ಸೇರಿದ. ಶೂನ ಮುಂಭಾಗಕ್ಕೆ ಬಟ್ಟೆಯ ಸುರುಳಿ ತುರುಕಿ ನಡೆಯುವುದನ್ನು ಕಲಿತ.

ಇಷ್ಟಾದ ಮೇಲೆ ಆಕೆ ಬಂದಳು. ‘ಅನುಭವ’ ಕೇಳಲು.

ಗಾದಿಗನೂರಿನ ಮನೆಯ ಪಡಸಾಲೆಯಲ್ಲಿ ಫೋನನ್ನು ಮಂಜನ ಮುಂದೆ ಇಟ್ಟು ಕೂತಳು. ಮನೆಯವರೆಲ್ಲ ಕಾಲಿನ ಮಾತೇ ಎತ್ತದೆ ಓಡಾಡುತ್ತಿದ್ದ ದಿನಗಳು ಅವು. ಬಾಯಿಬಿಟ್ಟು ಕೇಳಿದವಳು ಆಕೆ ಒಬ್ಬಳೇ ಅಂತಲೋ ಏನೋ, ಮಾತೇ ಆಡದ ಹುಡುಗ ಹೇಳಿಕೊಂಡ. “ಜೋಡಿಗಿದ್ದಾವ ನಿದ್ದಿ ಹೋದ್ರ ಸಾಯ್ತಾನಂತ ಅವನ ಕೆನ್ನಿಗೆ ಬಡಕೋತ ಕುಂತಿದ್ದೆ ಮೇಡಂ. ನನ್ನ ಕಾಲಿನ ಕಡಿ ಲಕ್ಷ್ಯ ಹೋಗ್ಲಿಲ್ಲ. ಬೆರಳು ಮೊದ್ಲು ಬೆಳ್ಳಗಾದ್ವು, ಆಮ್ಯಾಲ ಕರ್ರಗ. ನೋವು ಇರಲಿಲ್ರಿ. ವಾಸನಿ ಇತ್ತು.”

ಆಕೆ ಮೂಗು ಮುರಿದಳು. “ವಾಸನಿ ಬ್ಯಾಡಪ. ಬೆರಳೂ ಬ್ಯಾಡ, ಪ್ರೇಮಕ್ಕ ಒಗ್ಗಂಗಿಲ್ಲ. ಭುಜಕ್ಕ ಗುಂಡು ಹಾಕ್ತೀನಿ.” ಆಮೇಲೆ ಹುದ್ದೆ ಕೇಳಿದಳು. ನಾಯಕ್ ಎಂದ. “ಅಯ್ಯ, ನಾಯಕ್ ಅಂದ್ರ ಓದೋರು ಯಾವನೋ ಪಾಳೇಗಾರ ಅಂತ ತಿಳ್ಕೋತಾರ. ಮೇಜರ್ ಮಾಡ್ತೀನಿ, ಆಗಬಹುದಲ್ಲ?” ಮಂಜ ನಕ್ಕು, “ಮಾಡ್ರಿ ಮೇಡಂ, ನಮ್ಮ ಸಾಹೇಬ್ರಿಗೆ ಮಾತ್ರ ಹೇಳಬ್ಯಾಡ್ರಿ,” ಎಂದ. ಒಬ್ಬನ ಜೀವ ಉಳಿಸಲು ತನ್ನ ಕಾಲು ಮರೆತವನ ಕತೆ ಎದುರಿಗೆ ಬಿದ್ದಿತ್ತು. ಆಕೆ ಅದರ ಮೇಲೆ ಕಾಲಿಟ್ಟು ದಾಟಿಕೊಂಡು ಹೋದಳು. ನನಗೆ ಬಂದದ್ದು ಸಿಟ್ಟಲ್ಲ, ಓಕರಿಕೆ.

ಮುಖಚಿತ್ರಕ್ಕೆ ಫೋಟೋ ಬೇಕೆಂದು ಅವನನ್ನು ಹಂಪಿಗೆ ಕರೆದುಕೊಂಡು ಹೋದಳು. ಬ್ಯಾಡಪ್ಪ ಎಂದೆ. “ಲಗ್ನ ಕೂಡಿಸಿದಾರಕ್ಕ, ಇಲ್ಲ ಅಂದ್ರ ಬ್ಯಾಸರ ಮಾಡ್ಕೋತಾರ,” ಎಂದ. ನಾನೂ ಜೊತೆಗೆ ಹೋದೆ. ಶಾಲೆಯ ಗ್ಯಾದರಿಂಗಿಗೆ ಗಾಂಧಿ, ಝಾನ್ಸಿರಾಣಿ, ಪೊಲೀಸ್ ವೇಷ ಬಾಡಿಗೆಗೆ ಕೊಡುವ ಹೊಸಪೇಟೆಯ ಅಂಗಡಿಯಿಂದ ಮಿಲಿಟರಿ ಡ್ರೆಸ್ಸು, ಬೂಟು ತಂದಿದ್ದಳು. ಕಂಕುಳಲ್ಲಿ ಬಿಗಿ, ಬೆವರಿನ ವಾಸನೆ, ಯಾವ ಯಾವ ಮಕ್ಕಳದೋ. ಭುಜದ ಮೇಲೆ ಒಂದು ಕಡೆ ಮೂರು ನಕ್ಷತ್ರ, ಇನ್ನೊಂದು ಕಡೆ ಎರಡು. ಮಂಜ ನೋಡಿಕೊಂಡು, “ಅಕ್ಕಾ, ಬಲಗಡಿ ಕ್ಯಾಪ್ಟನ್, ಎಡಗಡಿ ಲೆಫ್ಟಿನೆಂಟ್. ಮೇಜರ್ ಎಲ್ಲೂ ಇಲ್ಲ,” ಎಂದ. ಸೂರ್ಯಾಸ್ತ ಹಿಂದೆ ಬರಬೇಕು ಎಂದು ಅವನನ್ನು ಮಾತಂಗ ಬೆಟ್ಟ ಹತ್ತಿಸಿದಳು. ಬೆರಳಿಲ್ಲದ ಕಾಲಿನಲ್ಲಿ, ಬಾಡಿಗೆ ಬೂಟಿನಲ್ಲಿ. ತಾನು ಕೆಳಗೆ ಎಳನೀರು ಕುಡಿಯುತ್ತಾ, “ಇನ್ನೊಂದೀಟು ಮ್ಯಾಲ, ಎದಿ ಮುಂದ ಮಾಡಪ!” ಎಂದು ಕೂಗುತ್ತಿದ್ದಳು. ಇಳಿದು ಬಂದಾಗ ಅವನ ಕಾಲುಚೀಲ ರಕ್ತದಲ್ಲಿ ಅಂಟಿಕೊಂಡಿತ್ತು. ಆಕೆ ಒಂದು ಕ್ಷಣ ನೋಡಿ ಮುಖ ಆಕಡೆ ತಿರುಗಿಸಿ, “ಮುಚ್ಚಪ, ನನಗ ರಕ್ತ ನೋಡಾಕ ಆಗಂಗಿಲ್ಲ,” ಎಂದಳು. ಕಂತಿಗೊಂದು ಯುದ್ಧ ಮಾಡಿಸುವವಳು!

ಆ ಫೋಟೋ ಹಾಕಿ, ‘ನಮ್ಮ ಗಾದಿಗನೂರಿನ ವೀರಯೋಧನ ಬಾಳಿನಿಂದ’ ಎಂದು ಬರೆದು, ಕಾದಂಬರಿ ಶುರುಮಾಡಿದಳು. ಜಿಲ್ಲೆಯೆಲ್ಲ ಓದಿತು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಗೊತ್ತಾದ ಲಗ್ನ ಬೇಡವಾದರೆ ಯಾರೂ ‘ಒಲ್ಲೆ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಎರಡೂ ಮನೆಯ ಮರ್ಯಾದೆ ಹೋಗುತ್ತದೆ. ಲಗ್ನ ಕೂಡಿಸಿದವರೇ ಬಂದು, ಮಳೆ ಬೆಳೆ ಮಾತಾಡಿ, ಚಹಾ ಕುಡಿದು, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಬೇರೆ ಯಾರದೋ ಮನೆಯ ಕತೆ ಎಂಬಂತೆ ಒಂದು ಮಾತು ಹೇಳಿ ಹೋಗುತ್ತಾರೆ. ಕೇಳಿಸಿಕೊಂಡವರು ತಮ್ಮದೆಂದು ತಿಳಿದುಕೊಳ್ಳುತ್ತಾರೆ. ಜಗಳವಿಲ್ಲ, ದೂರಿಲ್ಲ.

ಪರೀಕ್ಷೆಯ ಪೇಪರು ತಿದ್ದುವುದರಲ್ಲಿ ನಾನು ಮುಳುಗಿದ್ದ ದಿನಗಳಲ್ಲಿ ಆಕೆ ನನಗೆ ತೋರಿಸದೆಯೇ ಒಂದು ಕಂತು ಹಾಕಿದಳು. ಅದರಲ್ಲಿ ಕಥಾನಾಯಕ ಮೇಜರ್ ಅಭಯನ ಎಡಗೈ ಇನ್ನು ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅವನು ಗೊತ್ತಾದ ಹುಡುಗಿಯನ್ನು ತುಂಗಭದ್ರೆಯ ದಂಡೆಗೆ ಕರೆಸಿ ಹೇಳುತ್ತಾನೆ: ‘ನೀನು ಹುಣ್ಣಿಮೆ, ನಾನು ಗ್ರಹಣ. ಹೋಗು, ಈ ಕ್ಷಣದಿಂದ ನಿನ್ನನ್ನು ಬಿಡುಗಡೆ ಮಾಡಿದ್ದೇನೆ.’ ಕಂಪ್ಲಿಯವರು ಓದಿದರು. ಲಗ್ನ ಕೂಡಿಸಿದವಳೇ, ಹುಡುಗನ ಫೋಟೋ ಹಾಕಿ, ಬೇರೆಯವರ ಕತೆ ಎಂಬಂತೆ ಹೇಳಿದ್ದಾಳೆ. ಹುಡುಗ ಲಗ್ನ ಒಲ್ಲೆ ಎಂದಿದ್ದಾನೆ ಎಂದು ತಿಳಿಯಲು ಅವರಿಗೆ ಇನ್ನೇನು ಬೇಕಿತ್ತು?

ಒಂದು ಭಾನುವಾರ ಸೌಮ್ಯಳ ಅಪ್ಪ, ಚಿಕ್ಕಪ್ಪ ಇಬ್ಬರೂ ಗಾದಿಗನೂರಿಗೆ ಬಂದರು. ಬಾಳೆಗೊನೆ, ಗಿರಣಿಯ ಹೊಸ ಅಕ್ಕಿ, ಕೈಯಲ್ಲೊಂದು ಶಾಲು. ಲಗ್ನದ ದಿನ ಹಿಡಿಯಲು ಬಂದರೆಂದು ನಮ್ಮವ್ವ ಒಲೆಗೆ ಪಾಯಸ ಇಟ್ಟಳು. ಅವರು ಬಹಳ ಹೊತ್ತು ಗದ್ದೆ ಕಾಲುವೆ ಮಾತಾಡಿದರು. ಆಮೇಲೆ ಮಂಜನ ಕಡೆ ತಿರುಗಿ, “ಓದಿದ್ವಿರಿ. ನೀವು ಹುಣ್ಣಿಮೆ, ಗ್ರಹಣ ಅಂತ ಬರೆಸಿದ್ದು. ನಮ್ಮ ಮನಿಯಾಗ ಯಾರೂ ಉಣ್ಣಲಿಲ್ಲ ಅವತ್ತು. ಇಂಥಾ ದೊಡ್ಡ ಮನಸು ಯಾರಿಗೈತ್ರಿ ಈಗಿನ ಕಾಲದಾಗ?” ಎಂದರು.

ನಾನು ಅಲ್ಲೇ ಇದ್ದೆ. “ಅದು ಕತಿರೀ ಅಣ್ಣಾರ. ಮೇಡಂ ಕಟ್ಟಿದ್ದು. ಇವ ಒಂದಕ್ಷರ ಹೇಳಿಲ್ಲ,” ಎಂದೆ. ಅವರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. “ಗೊತ್ತೈತವ್ವ. ಇಂಥಾ ಮಾತು ಕತಿಯಾಗ ಹೇಳೋದ ಚಂದ.” ನಾನು ಇಲ್ಲ ಎಂದಷ್ಟೂ ಅದು ಮರ್ಯಾದೆಯ ಮಾತೇ ಆಗುತ್ತಿತ್ತು. ಅವರು ಮಂಜನನ್ನೇ ಕೇಳಿದರು, “ಅದು ನಿಮ್ಮ ಮನಸಿನ ಮಾತ ಹೌದಲ್ರಿ?” ಸೌಮ್ಯಳ ಚಿಕ್ಕಪ್ಪ ಏನೋ ಹೇಳಲು ಮುಂದೆ ಬಾಗಿದರೂ ಅವರನ್ನು ಕೈಸನ್ನೆಯಲ್ಲಿ ತಡೆದು, ಕಾದರು.

ಮಂಜ ತನ್ನ ಶೂ ನೋಡಿಕೊಂಡ. ತಲೆ ಎತ್ತಿದಾಗ ಅವನ ಮುಖದಲ್ಲಿ ನಾನು ಎಂದೂ ಕಾಣದ ಒಂದು ಗತ್ತಿತ್ತು, ಮಾತಂಗ ಬೆಟ್ಟದ ಮೇಲೆ ಫೋಟೋಕ್ಕೆ ನಿಂತವನದು.

“ಹೌದ್ರಿ,” ಎಂದ.

ಅವರು ಎದ್ದು ಅವನಿಗೆ ಶಾಲು ಹೊದಿಸಿ, ಕೈಮುಗಿದು, ಪಾಯಸ ಮುಟ್ಟದೆ ಹೋದರು.

“ಯಾಕ ಹಂಗಂದೆಲೇ?” ಎಂದು ಅವನ ರಟ್ಟೆ ಹಿಡಿದು ಅಲುಗಾಡಿಸಿದೆ. ಶಾಲನ್ನು ಮಡಿಸುತ್ತಾ ಹೇಳಿದ: “ದೊಡ್ಡ ಮನಸು ಅಂದ್ರಲ್ಲಕ್ಕ. ಅಲ್ಲ ಅಂದಿದ್ರ ಸಣ್ಣಾವ ಆಗ್ತಿದ್ದೆ. ಆ ಹುಡುಗೀಗೂ ಹಂಗ ಬೇಕಾಗಿರಬೇಕು, ಅದಕ್ಕ ಅವರು ಬಂದಿದ್ದು.” ತನ್ನ ಬಾಯಿಗೆ ಬೇರೆಯವರು ತುರುಕಿದ ಮಾತನ್ನು ನುಂಗಿಕೊಂಡು ಕೂತಿದ್ದ. ಗಂಟಲಿಗೆ ಬೆರಳು ಹಾಕಿ ಕಕ್ಕಿಸುವ ಹಾಗಿದ್ದರೆ ಕಕ್ಕಿಸುತ್ತಿದ್ದೆ.

ನಾನು ದೋಣಿಮಲೈಗೆ ಬಂದವಳೇ ಆಕೆಯ ವರಾಂಡ ಹತ್ತಿದೆ. ಆದದ್ದನ್ನೆಲ್ಲ ಹೇಳಿದೆ. ಆಕೆಯ ಕಣ್ಣು ತುಂಬಿದವು. ಪಶ್ಚಾತ್ತಾಪ ಅಂದುಕೊಂಡೆ, ನೋಡಿ ನನ್ನ ದಡ್ಡತನ. ಎಣ್ಣೆಗೈಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, “ನನ್ನ ಅಕ್ಷರಕ್ಕ ಇಷ್ಟು ಶಕ್ತಿ ಐತೇನ್ರಿ ಟೀಚರ?” ಎಂದಳು. ಮುಖ ದೀಪ ಹಚ್ಚಿದಂತಾಗಿತ್ತು.

“ಈಗಿಂದೀಗ ಕಂಪ್ಲಿಗೆ ಹೋಗಿ, ಅದು ನಂದ ಮಾತು, ಹುಡುಗಂದಲ್ಲ ಅಂತ ಹೇಳ್ರಿ,” ಎಂದೆ.

“ಹೆಂಗ ಹೇಳ್ಲಿರಿ? ಇನ್ನ ಕಂತು ಅದಾವ. ಈಗ ಹೇಳಿದ್ರ ಕೊನಿ ಗೊತ್ತಾಗಿಬಿಡ್ತೈತಿ. ನೀವೇನೂ ಕಾಳಜಿ ಮಾಡಬ್ಯಾಡ್ರಿ. ಕೊನೀ ಕಂತಿನ್ಯಾಗ ಹುಡುಗಿ ಓಡಿ ಬಂದು ಅವನ ಕಾಲು ಹಿಡೀತಾಳ. ಅವರೂ ಓದ್ತಾರಲ್ಲ? ಹೆಂಗ ಹೋದ್ರೋ ಹಂಗ ಬರ್ತಾರ.”

ನಾನು ಕೈ ಕೊಡವಿಕೊಂಡು ಮನೆಗೆ ಬಂದು ಸಾಬೂನು ಹಚ್ಚಿ ತೊಳೆದೆ. ಮರುದಿನ ನನ್ನ ಗಂಡನನ್ನು ಕಂಪ್ಲಿಗೆ ಕಳಿಸಿದೆ. “ಹುಡುಗ ತಾನ ಒಪ್ಕೊಂಡಾನ್ರಿ, ಇನ್ನ ಮಾತು ಬ್ಯಾಡ,” ಎಂದು ಊಟ ಹಾಕಿ ಕಳಿಸಿದರು.

ಕೊನೆಯ ಕಂತಿನಲ್ಲಿ ಹುಡುಗಿ ಓಡಿ ಬರಲಿಲ್ಲ. ಬಿಡುಗಡೆಯ ಕಂತಿಗೆ ಓದುಗಿಯರು ಅತ್ತದ್ದು ಆಕೆಗೆ ರುಚಿ ಹತ್ತಿತ್ತು. ಮೇಜರನನ್ನು ಗಡಿಗೆ ಕಳಿಸಿದಳು, ಇದೊಂದೇ ಸಲ ಎಡಭುಜ ಬಿಟ್ಟು ನೇರ ಎದೆಗೆ ಗುಂಡು ಹಾಕಿಸಿದಳು, ಬಾವುಟ ಹೊದಿಸಿ ಊರಿಗೆ ತರಿಸಿದಳು. ಕೆಳಗೆ ಓದುಗಿಯರು ಕೈಮುಗಿದ ಚಿತ್ರ ಹಾಕಿದ್ದೇ ಹಾಕಿದ್ದು. ಇತ್ತ ಗಾದಿಗನೂರಿನ ಚಹಾದಂಗಡಿಯಲ್ಲಿ ಮಂಜನನ್ನು ಕಂಡವರೆಲ್ಲ, “ಏನಪ ಮೇಜರ, ಸತ್ತೆಂತಲ್ಲೋ!” ಎನ್ನತೊಡಗಿದರು. ನಮ್ಮವ್ವ ಅಮಾವಾಸ್ಯೆಗೆ ಅವನಿಗೆ ದೃಷ್ಟಿ ತೆಗೆದು, ಬದುಕಿರುವ ಮಗನ ಹೆಸರಿನಲ್ಲಿ ಮೃತ್ಯುಂಜಯ ಜಪ ಮಾಡಿಸಿದಳು. ಅದೇ ತಿಂಗಳು ಸೌಮ್ಯಳ ಲಗ್ನ ಬೇರೆ ಕಡೆ ಆಯಿತು. ಅದಕ್ಕೆ ಆಕೆ ಹೋಗಿ ಉಂಡು ಬಂದಳು. ನನಗೊಂದು ಲಾಡು ತಂದಿದ್ದಳು. ನಾಯಿಗೆ ಹಾಕಿದೆ.

ಆಮೇಲೆ ಆಕೆಯ ಗಂಡ ನಿವೃತ್ತಿಯಾಗಿ, ಅವರು ಹೊಸಪೇಟೆಗೆ ಮನೆ ಮಾಡಿಕೊಂಡು ಹೋದರು. ಬೀಳ್ಕೊಡುಗೆಯ ದಿನ ಆಕೆ ನನ್ನನ್ನು ತಬ್ಬಿಕೊಂಡು ನಿಜವಾಗಿಯೂ ಅತ್ತಳು. “ನೀವು ಇಲ್ದ ಒತ್ತಕ್ಷರ ಯಾರು ನೋಡ್ತಾರ್ರಿ?” ಎಂದಳು. ಏನು ನಡೆದಿದೆ ಎಂಬುದು ಆಕೆಗೆ ಕೊನೆಯವರೆಗೂ ತಿಳಿಯಲಿಲ್ಲ. ಕೇಡಿಗರನ್ನಾದರೂ ಕ್ಷಮಿಸಬಹುದು, ಅವರಿಗೆ ತಾವು ಮಾಡಿದ್ದು ಗೊತ್ತಿರುತ್ತದೆ. ಇಂಥ ಮೆತ್ತನೆಯ ಜನರನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಹೋದ ವಾರ ಪರೀಕ್ಷೆಯ ಡ್ಯೂಟಿ ಮೇಲೆ ಕಂಪ್ಲಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಬಂದು ನಿಂತಳು. ಸೌಮ್ಯ. ತವರಿಗೆ ಬಂದಿದ್ದಳಂತೆ.

“ಮೇಡಂ ತೀರ್ಕೊಂಡ್ರಂತಲ್ರಿ ಅಕ್ಕಾರ,” ಎಂದಳು. ಹೌದೆಂದೆ. ಮಗುವಿನ ಟೋಪಿ ಸರಿಮಾಡುತ್ತಾ, “ಒಂದು ಕೇಳ್ಲೇನ್ರಿ? ಆ ಹುಣ್ಣಿಮಿ ಮಾತು ನಿಮ್ಮ ತಮ್ಮನವರದ ಏನ್ರಿ?” ಎಂದಳು.

ಸುಳ್ಳು ಹೇಳಿದರೆ ಸೌಮ್ಯಳ ಸಂಸಾರಕ್ಕೆ ಒಳ್ಳೆಯದಿತ್ತು. ನನಗೆ ಆಗಲಿಲ್ಲ. ಆ ಕಾದಂಬರಿಗೆ ನನ್ನದೊಂದು ವಾಕ್ಯ ಸೇರಿಸಲಾರೆ ಅನ್ನಿಸಿತು. “ಅಲ್ಲವ್ವ,” ಎಂದೆ.

“ನಂಗೊತ್ತಿತ್ರಿ. ಅವರು ಫೋನ್ ಮಾಡಿದ್ರ ‘ಉಂಡಿ?’ ಅಂದು ಸುಮ್ಮನಾಗೋರು. ಹುಣ್ಣಿಮಿ, ಗ್ರಹಣ ಎಲ್ಲಿಂದ ಬರ್ಬೇಕು? ಅಪ್ಪಗ ಹೇಳಿದೆ, ಇದು ಅವರ ಮಾತಲ್ಲ, ನೀ ಹೋಗಿ ಬಾಯಿಬಿಟ್ಟು ಕೇಳು, ಅಲ್ಲ ಅಂದ್ರ ಅಲ್ಲೇ ಕುಂತು ಲಗ್ನದ ದಿನ ಹಿಡಕೊಂಡು ಬಾ ಅಂತ. ಅದಕ್ಕ ಅಪ್ಪ ಗಾದಿಗನೂರಿಗೆ ಬಂದಿದ್ದು.” ಮಗು ಅವಳ ಮೂಗುಬೊಟ್ಟಿಗೆ ಕೈ ಹಾಕಿತು, ಬಿಡಿಸಿಕೊಂಡಳು. “ಬಾಯಿಬಿಟ್ಟು ಕೇಳಿದ್ರೂ ಹೌದು ಅಂದ್ರಂತ.”

ಹೊಸಪೇಟೆಯ ಬಸ್ಸು ಬಂತು. “ಅವರು ಚೊಲೋ ಅದಾರೇನ್ರಿ?” ಎಂದಳು. ಅದಾನವ್ವ ಎಂದು ಹತ್ತಿ ಕೂತೆ.

ಮಂಜನಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಇಲ್ಲಿ ಬರೆದರೆ ಅವನಿಗೆ ತಿಳಿಯುತ್ತದೆ ಎಂಬ ಭಯವೂ ಇಲ್ಲ. ಆ ಕಾದಂಬರಿಯಾದ ಮೇಲೆ ನನ್ನ ತಮ್ಮ ಲಾರಿಗಳ ನಂಬರು ಬಿಟ್ಟು ಬೇರೆ ಏನನ್ನೂ ಓದಿಲ್ಲ.